ಕಲ್ಲುಗಳ ಮಾತನ್ನು ಕಾಪಾಡಿದ ಬಿ. ಎಲ್. ರೈಸ್



ಸಾಗರದಿಂದ ಇಕ್ಕೇರಿಗೋ, ಹೊಸನಗರದಿಂದ ಹುಂಚಕ್ಕೋ, ತೀರ್ಥಹಳ್ಳಿಯಿಂದ ಕವಲೇದುರ್ಗಕ್ಕೋ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ಮಕ್ಕಳ ಜೊತೆ ರಜೆಯಲ್ಲಿ, ಇಲ್ಲವೆ ದೂರದಿಂದ ಬಂದ ನೆಂಟರಿಗೆ ಊರು ತೋರಿಸಲೆಂದು. ಅಲ್ಲಿ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ, ಕೆಲವೊಮ್ಮೆ ಅಡಿಕೆ ತೋಟದ ಬೇಲಿಯ ಪಕ್ಕದಲ್ಲಿ ಒಂದು ಕಲ್ಲು ನಿಂತಿರುತ್ತದೆ. ಮೇಲೆ ಸೂರ್ಯ ಚಂದ್ರರ ಗುರುತು, ಕೆಳಗೆ ಸಾಲು ಸಾಲಾಗಿ ಅಕ್ಷರ. ಮಲೆನಾಡಿನ ಮಳೆಗೆ ಪಾಚಿ ಕಟ್ಟಿರುತ್ತದೆ. ಇದರಲ್ಲಿ ಏನು ಬರೆದಿದೆ ಎಂದು ಮಕ್ಕಳು ಕೇಳಿದರೆ, ಅದು ಹಳೆಗನ್ನಡ, ನಮಗೆ ಓದಲು ಬರುವುದಿಲ್ಲ ಎಂದು ಹೇಳಿ ಮುಂದೆ ನಡೆದುಬಿಡುತ್ತೇವೆ.

ನಾವು ದಾಟಿ ನಡೆದ ಆ ಕಲ್ಲಿನ ಮುಂದೆ ನಿಂತು, ಅದರ ಒಂದೊಂದು ಅಕ್ಷರವನ್ನೂ ಓದಿಸಿ, ಬರೆಸಿ, ಅಚ್ಚು ಹಾಕಿಸಿದ ಮಹನೀಯರೊಬ್ಬರಿದ್ದರು. ಅವರ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡ ನಾಡು ಅವರನ್ನು ಶಾಸನ ಪಿತಾಮಹರೆಂದು ಗೌರವಿಸುತ್ತದೆ. ಈ ವಾರ ಅವರ ಬದುಕನ್ನು ನಿಮ್ಮ ಮುಂದಿಡುವುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಹುಟ್ಟಿದ ಮಗು

ರೈಸ್ ಅವರು ಇಂಗ್ಲಿಷರಾದರೂ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿತು, ಕನ್ನಡ ಶಾಲೆಗಳನ್ನು ತೆರೆದು, ಮಕ್ಕಳಿಗೆ ಬೇಕಾದ ಪುಸ್ತಕಗಳನ್ನು ಸಿದ್ಧಮಾಡುತ್ತ 1887ರಲ್ಲಿ ಕಣ್ಮುಚ್ಚುವವರೆಗೆ ಸುಮಾರು 50 ವರ್ಷ ಇಲ್ಲೇ ದುಡಿದರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಅವರ ಹೆಸರನ್ನೇ ಹೊತ್ತಿದೆ.

ತಾಯಿ ತಂದೆಯರು ಮನೆಯಲ್ಲಿ ಯಾವುದಕ್ಕೆ ಬೆಲೆ ಕೊಡುತ್ತಾರೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಆ ಮನೆಯಲ್ಲಿ ಬೆಲೆ ಇದ್ದದ್ದು ಪುಸ್ತಕಕ್ಕೆ ಮತ್ತು ಕನ್ನಡಕ್ಕೆ. ಹಿರಿಯ ಮಗ ಶಾಸನಗಳ ಸೇವೆ ಮಾಡಿದರೆ, ಕಿರಿಯ ಮಗ ಎಡ್ವರ್ಡ್ ಪೀಟರ್ ರೈಸ್ ತಂದೆಯಂತೆ ಮಿಷನರಿಯಾಗಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದೇ ಮನೆಯ ಇಬ್ಬರು ಮಕ್ಕಳು ನಮ್ಮ ನುಡಿಗೆ ತಮ್ಮ ಆಯುಷ್ಯ ಕೊಟ್ಟರು.

ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಬಿ. ಎಲ್. ರೈಸ್ ಬೆಂಗಳೂರಿಗೆ ಮರಳಿದರು. ಆಗ ಅವರಿಗೆ 23ರ ಪ್ರಾಯ. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಬಳಿಕ ಮೈಸೂರು ಸಂಸ್ಥಾನದ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ವಿದ್ಯಾ ಇಲಾಖೆಯ ಮುಖ್ಯಸ್ಥರೂ ಆದರು. ಒಂದೊಂದು ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕೆಂಬ 1868ರ ಯೋಜನೆ ಅವರದೇ. ಹಳ್ಳಿಯ ರೈತನ ಮಗ ತನ್ನ ಊರಿನ ಹತ್ತಿರವೇ ಓದು ಕಲಿಯಲಿ ಎಂಬುದು ಅದರ ಉದ್ದೇಶ.

ಶಾಲೆ ನೋಡಲು ಹೋದವರು ಕಲ್ಲು ಕಂಡರು

ಶಾಲೆಗಳ ತನಿಖೆ ಎಂದರೆ ಆಗ ಊರೂರು ತಿರುಗುವ ಕೆಲಸ. ಕುದುರೆ, ಎತ್ತಿನ ಗಾಡಿಗಳೇ ಗತಿ. ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಮಲೆನಾಡಿನ ದಾರಿಗಳೆಂದರೆ ಕಾಡು, ಹೊಳೆ, ಇಂಬಳ, ಎಲ್ಲಕ್ಕಿಂತ ಮಿಗಿಲಾಗಿ ಚಳಿಜ್ವರ. ಆ ಜ್ವರ ಸೊಳ್ಳೆಯಿಂದ ಹರಡುತ್ತದೆ ಎಂಬುದು ವೈದ್ಯಲೋಕಕ್ಕೆ ತಿಳಿದದ್ದು 1897ರಲ್ಲಿ, ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಅದನ್ನು ಕಂಡುಹಿಡಿದ ಮೇಲೆ.

ಹೀಗೆ ತಿರುಗುವಾಗ ಊರೂರಲ್ಲಿ ಬರೆಹದ ಕಲ್ಲುಗಳು ರೈಸ್ ಅವರ ಕಣ್ಣಿಗೆ ಬಿದ್ದವು. ಕೆಲವು ಗುಡಿಯ ಗೋಡೆಯಲ್ಲಿ, ಕೆಲವು ಹೊಲದ ನಡುವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿ. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಕೆಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಆ ಕೆಲಸದ ಫಲವೇ 1879ರಲ್ಲಿ ಹೊರಬಂದ ಮೈಸೂರು ಶಾಸನಗಳ ಪುಸ್ತಕ. ಅದಕ್ಕೂ ಮೊದಲೇ, 1877 ಮತ್ತು 1878ರಲ್ಲಿ, ಮೈಸೂರು ಮತ್ತು ಕೊಡಗಿನ ಗೆಜೆಟಿಯರುಗಳನ್ನು ಅವರು ಮುಗಿಸಿದ್ದರು. ನಾಡಿನ ಹೊಳೆ ಬೆಟ್ಟ, ಬೆಳೆ, ಮರ, ರೋಗ, ಜನ, ಭಾಷೆ, ಚರಿತ್ರೆ ಎಲ್ಲವೂ ಅವುಗಳಲ್ಲಿವೆ.

1885ರಲ್ಲಿ ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆಯನ್ನು ತೆರೆದಾಗ ಅದರ ಹೊಣೆ ಅವರಿಗೇ ಬಂತು. 1890ರಿಂದ 1906ರಲ್ಲಿ ನಿವೃತ್ತರಾಗುವವರೆಗೆ ಅವರ ಪೂರ್ಣಕಾಲದ ಕೆಲಸ ಅದೊಂದೇ.

ಕಲ್ಲಿನ ಮಾತು ಕಾಗದಕ್ಕೆ ಬರುವ ಬಗೆಯನ್ನು ನೀವು ತಿಳಿದರೆ ಆ ದುಡಿಮೆ ಎಂಥದೆಂದು ಗೊತ್ತಾಗುತ್ತದೆ. ಮೊದಲು ಕಲ್ಲಿನ ಪಾಚಿ, ಮಣ್ಣು, ಎಣ್ಣೆಜಿಡ್ಡು ತೆಗೆದು ತೊಳೆಯಬೇಕು. ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹಾಸಬೇಕು. ಬಿರುಸು ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಆರಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ತಟ್ಟಬೇಕು. ಕಪ್ಪು ಕಾಗದದ ಮೇಲೆ ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಇದನ್ನು ಪಡಿಯಚ್ಚು ಎನ್ನುತ್ತಾರೆ. ಗಾಳಿ ಬಂದರೆ ಕಾಗದ ಹರಿಯಿತು, ಮಳೆ ಬಂದರೆ ಇಡೀ ದಿನದ ಕೆಲಸ ಹೋಯಿತು. ಆಮೇಲೆ ಪಂಡಿತರು ಕುಳಿತು ಓದಬೇಕು. ಈಗ ಬಳಕೆ ತಪ್ಪಿದ ಅಕ್ಷರಗಳಿರುತ್ತವೆ, ಒಡೆದ ಸಾಲುಗಳಿರುತ್ತವೆ. ಪುಸ್ತಕದ ಮೇಲೆ ಹೆಸರು ಬಂದದ್ದು ರೈಸ್ ಅವರದು, ಬೆವರು ಹರಿಸಿದವರು ಮಾತ್ರ ಬಹಳ ಮಂದಿ. ನಮ್ಮ ಧರ್ಮಕೇಂದ್ರದ ಹಬ್ಬದಲ್ಲೂ ಹಾಗೆಯೇ ಅಲ್ಲವೆ?

ಹೀಗೆ ಕೂಡಿಸಿದ ಶಾಸನಗಳನ್ನು ಅವರು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಮಾಲೆಯಲ್ಲಿ 12 ಸಂಪುಟಗಳಾಗಿ ಪ್ರಕಟಿಸಿದರು. ಕೊಡಗಿನ ಮೊದಲ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಬಂತು. 1905ರ ಹೊತ್ತಿಗೆ ಮಾಲೆ ಪೂರ್ತಿಯಾಯಿತು. ಒಟ್ಟು ಸುಮಾರು 9,000 ಶಾಸನಗಳು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಅಂದಿನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸುತ್ತಿನಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದರು. ಓಲೆಗರಿಗಳಲ್ಲೇ ಉಳಿದಿದ್ದ ಹಳೆಯ ಕಾವ್ಯಗಳನ್ನು ಹುಡುಕಿಸಿ ಅಚ್ಚು ಹಾಕಿಸಿದರು. ಪಂಪನ ಭಾರತ 1898ರಲ್ಲಿ ಅವರ ಕೈಯಿಂದ ಹೊರಬಂತು. ಅದೇ ವರ್ಷ ಕವಿರಾಜಮಾರ್ಗವೂ ಅವರ ಗ್ರಂಥಮಾಲೆಯಲ್ಲಿ, ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಬೆಳಕು ಕಂಡಿತು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಪಂಪನನ್ನು ಓದುವಾಗ ಈ ಹೆಸರನ್ನೂ ನೆನೆಯಬೇಕು.

ಎರಡು ಬಗೆಯ ಪುಸ್ತಕ

ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟವನ್ನು ವಿಲಿಯಂ ಕ್ಯಾಕ್ಸ್‌ಟನ್ ತೆರೆದದ್ದು 1476ರಲ್ಲಿ. ಅಲ್ಲಿಂದ ಮುಂದೆ ರಾಜಕೀಯ, ವೈದ್ಯ, ಕಾವ್ಯ ಎಲ್ಲವನ್ನೂ ಅಚ್ಚು ಹಾಕುವುದು ಆ ದೇಶದವರ ರೂಢಿಯಾಯಿತು. ಅವರು ನಮ್ಮ ನಾಡಿಗೆ ಬಂದಾಗ ಆ ರೂಢಿಯೂ ಜೊತೆಗೆ ಬಂತು. ಟಿಪ್ಪು ಸುಲ್ತಾನ 1799ರಲ್ಲಿ ಮಡಿದ ಮೇಲೆ, ಗೆದ್ದ ನಾಡನ್ನು ಅಳೆದು ತಿಳಿಯಲು ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಕಳಿಸಿತು. ಅವರು 1801ರಲ್ಲಿ ಸಾಗರ, ಇಕ್ಕೇರಿ, ನಗರಗಳನ್ನು ಹಾದುಹೋದರು. ಬೆಳೆ, ಕಾಡು, ಕೂಲಿ, ಕಂದಾಯ ಎಲ್ಲವನ್ನೂ ಬರೆದುಕೊಂಡರು. ಆ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಅಚ್ಚಾಯಿತು. ಅದು ಬೆಲೆಯುಳ್ಳ ಪುಸ್ತಕವೇ ಸರಿ. ಆದರೆ ಅದು ನಮ್ಮ ಬಗ್ಗೆ ಆಳುವವರಿಗಾಗಿ ಬರೆದದ್ದು.

ರೈಸ್ ಅವರೂ ಸರಕಾರದ ಸಂಬಳದವರೇ. ಆದರೂ ಅವರ ಸಂಪುಟಗಳನ್ನು ತೆರೆದು ನೋಡಿ. ಇಂಗ್ಲಿಷ್ ಅನುವಾದವಿದೆ, ರೋಮನ್ ಲಿಪಿಯ ಪಾಠವಿದೆ, ಅವುಗಳ ಜೊತೆಗೆ ಶಾಸನದ ಪೂರ್ಣ ಪಾಠ ಕನ್ನಡ ಲಿಪಿಯಲ್ಲೂ ಇದೆ. ಯಾರ ಹಿರಿಯರು ಆ ಕಲ್ಲನ್ನು ನಿಲ್ಲಿಸಿದರೋ ಅವರ ಮೊಮ್ಮಕ್ಕಳೂ ಓದುವ ಹಾಗೆ. ನಾಡಿನ ಬಗ್ಗೆ ತಾವು ಹೇಳುವುದಕ್ಕಿಂತ, ನಾಡು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಉಳಿಸಿಕೊಟ್ಟದ್ದೇ ಅವರ ದೊಡ್ಡತನ.

ನಮ್ಮ ಮೂರು ತಾಲ್ಲೂಕುಗಳ ಸಂಪುಟ

ಎಂಟನೆಯ ಸಂಪುಟವೇ ನಮ್ಮದು. ಅದು 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಈಗಿನ ಹೊಸನಗರ ತಾಲ್ಲೂಕಿಗೆ ಆಗ ನಗರ ತಾಲ್ಲೂಕು ಎಂದೇ ಹೆಸರು. ಅದೇ ವರ್ಷದ ಡಿಸೆಂಬರಿನಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದಲ್ಲಿ ಕುವೆಂಪು ಹುಟ್ಟಿದರು. ಮಲೆನಾಡಿನ ಹಳೆಯ ಮಾತು ಪುಸ್ತಕವಾದ ವರ್ಷವೇ ಅದರ ಹೊಸ ಮಾತು ತೊಟ್ಟಿಲಲ್ಲಿ ಮಲಗಿತ್ತು.

ಆ ಸಂಪುಟದಲ್ಲಿ ರಾಜರ ದಾನಪತ್ರಗಳಿವೆ, ಕೆಳದಿಯ ಅರಸರ ದತ್ತಿಗಳಿವೆ. ಅವುಗಳ ನಡುವೆ ವೀರಗಲ್ಲುಗಳೂ ಇವೆ. ಕಳ್ಳರು ಹೊಡೆದುಕೊಂಡು ಹೋದ ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತವರು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಮಡಿದವರು. ಯಾವ ಚರಿತ್ರೆಯ ಪುಸ್ತಕವೂ ಹೇಳದ ಹೆಸರುಗಳು ಅವು. ಅರಸನ ಶಾಸನಕ್ಕೆ ಎಷ್ಟು ಎಚ್ಚರಿಕೆಯೋ ಅಷ್ಟೇ ಎಚ್ಚರಿಕೆಯಿಂದ ರೈಸ್ ಅವರು ಅವರ ಕಲ್ಲಿಗೂ ಒಂದು ಸಂಖ್ಯೆ ಕೊಟ್ಟು ಅಚ್ಚು ಹಾಕಿಸಿದರು.

ಕುಟುಂಬಗಳಿಗಾಗಿ ಇರುವ ಈ ಪುಟದಲ್ಲಿ ಆ ಸಂಪುಟದ ಒಂದು ಶಾಸನದ ಕಥೆಯನ್ನು ನಿಮಗೆ ಹೇಳಲೇಬೇಕು. ಅದು ನಗರ ತಾಲ್ಲೂಕಿನ 35ನೆಯ ಶಾಸನ. ಹುಂಚದ ಪಂಚಕೂಟ ಬಸದಿಯ ಶಾಸನ, 1077ರದು. ಹುಂಚವನ್ನು ಆಗ ಸಾಂತರ ವಂಶದವರು ಆಳುತ್ತಿದ್ದರು. ಸಾಂತರ ಅರಸನ ರಾಣಿ ವೀರಲದೇವಿ ನಾಲ್ಕು ಗಂಡು ಮಕ್ಕಳನ್ನು ಬಿಟ್ಟು ತೀರಿಹೋದಳು. ತೈಲ, ಗೊಗ್ಗಿ, ಒಡ್ಡುಗ, ಬರ್ಮ ಎಂಬುದು ಆ ಮಕ್ಕಳ ಹೆಸರು. ವೀರಲದೇವಿಯ ಸೋದರಿ ಚಟ್ಟಲದೇವಿ ಆ ತಬ್ಬಲಿ ಮಕ್ಕಳನ್ನು ಎತ್ತಿಕೊಂಡಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೆಂದೇ ತಿಳಿದು ಸಾಕಿದಳು. ಅವರು ಬೆಳೆದು ನಿಂತ ಮೇಲೆ ಅವರೊಂದಿಗೆ ಸೇರಿ, ಅಗಲಿದ ತಂದೆತಾಯಿ ಮತ್ತು ಸೋದರಿ ಮೊದಲಾದವರ ನೆನಪಿಗೆ ಆ ಬಸದಿಯನ್ನು ಕಟ್ಟಿಸಿದಳು. ಸತ್ತವರ ನೆನಪನ್ನು ದೇವರ ಮನೆಯ ಜೊತೆ ಸೇರಿಸಿದಳು.

ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ನಾವು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ, ಬಲಿಪೂಜೆ ಒಪ್ಪಿಸುತ್ತೇವೆ. ಆ ತಾಯಿಯ ಧರ್ಮ ಬೇರೆ, ಕಾಲ ಬೇರೆ. ಆದರೆ ಅಕ್ಕತಂಗಿಯ ಮಕ್ಕಳನ್ನು ಮಡಿಲಿಗೆ ಹಾಕಿಕೊಂಡ ಆ ಕರುಳು ನಮಗೆ ಗುರುತಿಲ್ಲದ್ದೇನಲ್ಲ. ನಿಮ್ಮ ಕೇರಿಯಲ್ಲೂ ಅಂಥ ಒಬ್ಬ ಚಿಕ್ಕಮ್ಮನೋ ದೊಡ್ಡಮ್ಮನೋ ಇದ್ದಿರಬಹುದು.

ಪಾದ್ರಿಯ ಮಗ ಜೈನ ಬಸದಿಯಲ್ಲಿ

ಇಲ್ಲಿ ನಿಮಗೆ ಒಂದು ಪ್ರಶ್ನೆ ಬರಬಹುದು. ಕ್ರೈಸ್ತ ಪಾದ್ರಿಯ ಮಗ ಬಸದಿ, ಗುಡಿ, ಮಠ, ಮಸೀದಿಗಳ ಬರೆಹವನ್ನು ಉಳಿಸುವುದಕ್ಕೆ ಇಷ್ಟೇಕೆ ದುಡಿಯಬೇಕು? ರೈಸ್ ಅವರು ಪ್ರೊಟೆಸ್ಟೆಂಟ್ ಮನೆತನದವರು, ನಮ್ಮ ಸಭೆಯವರಲ್ಲ. ಆದರೂ ಅವರ ಬದುಕಿನಲ್ಲಿ ನಾವು ಕಲಿಯಬೇಕಾದ್ದು ಇದೆ. ಪರರ ಭಕ್ತಿಯನ್ನು ಹಗುರವಾಗಿ ಕಾಣದೆ, ಅವರ ಮಾತನ್ನು ತಿದ್ದದೆ, ಇದ್ದದ್ದನ್ನು ಇದ್ದ ಹಾಗೆ ಉಳಿಸುವುದು ಕೂಡ ಸತ್ಯದ ಸೇವೆಯೇ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವದಿಂದ ಕಾಣಬೇಕೆಂದು ನಮಗೆ ಕಲಿಸಿತು. ಅದಕ್ಕೆ 60 ವರ್ಷ ಮೊದಲೇ ಈ ಮನುಷ್ಯ ತಮ್ಮ ದಿನನಿತ್ಯದ ಕೆಲಸದಲ್ಲಿ ಅದನ್ನು ನಡೆಸಿಬಿಟ್ಟಿದ್ದರು.

ನಮ್ಮ ಸಭೆಯಲ್ಲೂ ಇಂಥವರಿದ್ದರು ಎಂಬುದನ್ನು ಮರೆಯಬೇಡಿ. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಗುರುಗಳು ಇಲ್ಲಿನ ಜನರ ನುಡಿ ಕಲಿತು ಕ್ರಿಸ್ತಪುರಾಣ ಬರೆದರು. ಅದು 1616ರಲ್ಲಿ ಅಚ್ಚಾಯಿತು. ಅವರು ಬರೆದ ಕೊಂಕಣಿ ವ್ಯಾಕರಣ ಅವರು ತೀರಿಕೊಂಡ ಮೇಲೆ 1640ರಲ್ಲಿ ಹೊರಬಂತು. ನಮ್ಮಲ್ಲಿ ಕೊಂಕಣಿ ಮಾತಾಡುವ ಮನೆಗಳು ಆ ಹೆಸರನ್ನು ಹೆಮ್ಮೆಯಿಂದ ನೆನೆಯಬಹುದು.

ರೈಸ್ ಅವರ ಕೆಲಸದಲ್ಲಿ ತಪ್ಪುಗಳೂ ಇದ್ದವು. ಅವಸರದ ಓದು ಕೆಲವು ಕಡೆ, ಒಪ್ಪಲಾಗದ ಕಾಲನಿರ್ಣಯ ಕೆಲವು ಕಡೆ. ಗಂಗರ ಹೆಸರಿನ ಕೆಲವು ತಾಮ್ರಪಟಗಳನ್ನು ಅವರು ನಿಜವೆಂದು ನಂಬಿದರೆ, ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು ಅವು ಖೋಟಾ ಎಂದು ವರ್ಷಗಟ್ಟಲೆ ವಾದಿಸಿದರು. ರೈಸ್ ಅವರ ನಂತರ ಆರ್. ನರಸಿಂಹಾಚಾರ್ ಕೆಲಸ ಮುಂದುವರಿಸಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತರತೊಡಗಿತು. ತಿದ್ದಲು ಬರುವುದು ಬರೆದಿಟ್ಟದ್ದನ್ನು ಮಾತ್ರ. ಬರೆಯದೆ ಬಿಟ್ಟದ್ದನ್ನು ಯಾರೂ ತಿದ್ದಲಾರರು.

1906ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪುಸ್ತಕವಾಗಿ ತಂದರು. 1927ರ ಜುಲೈನಲ್ಲಿ, 90 ತುಂಬಲು ಕೆಲವೇ ದಿನಗಳಿರುವಾಗ, ಹ್ಯಾರೋ ಎಂಬಲ್ಲಿ ಕಣ್ಮುಚ್ಚಿದರು. ಹುಟ್ಟಿದ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ.

ನಮ್ಮ ಮನೆಯ ಶಾಸನ

ಈಗ, ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ, ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ಗಂಟುಮೂಟೆ ಕಟ್ಟಿ ಹೊರಟರು. ಪಾತ್ರೆ, ದನಕರು, ದೇವರ ಪಟಗಳನ್ನು ಹೊತ್ತು ತಂದರು. ಬಾವಿಕಟ್ಟೆಯನ್ನು, ಗದ್ದೆಯ ಬದುವನ್ನು, ಹಿರಿಯರ ಗೋರಿಯನ್ನು ಹೊತ್ತು ತರಲಾಗಲಿಲ್ಲ. ಮುಳುಗುವ ನೀರಿನೆದುರು ಉಳಿಯುವುದು ಬರೆದಿಟ್ಟ ಮಾತು ಮಾತ್ರ.

ನಮ್ಮ ಅನೇಕ ಕುಟುಂಬಗಳು ಕೆಲಸ ಅರಸಿ ಘಟ್ಟ ಹತ್ತಿ ಬಂದವು. ತೋಟದ ಕೂಲಿಗೆ, ಕಲ್ಲಿನ ಕೆಲಸಕ್ಕೆ, ಮರದ ಕೆಲಸಕ್ಕೆ, ಅಣೆಕಟ್ಟಿನ ಕೆಲಸಕ್ಕೆ. ಅವರ ಕಥೆ ಯಾವ ಕಲ್ಲಿನ ಮೇಲೂ ಇಲ್ಲ. ಈಗ ಒಂದು ಕ್ಷಣ ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತೇ? ಅವರು ಯಾವ ಊರಿನಿಂದ ಬಂದರು, ಯಾವ ವರ್ಷ ಬಂದರು, ಎಷ್ಟು ಮಕ್ಕಳನ್ನು ಹೆತ್ತು ಎಷ್ಟು ಮಕ್ಕಳನ್ನು ಮಣ್ಣಿಗಿಟ್ಟರು, ಯಾರ ತಬ್ಬಲಿ ಮಕ್ಕಳನ್ನು ಸಾಕಿದರು? ನಮ್ಮಲ್ಲಿ ಹೆಚ್ಚಿನವರು ತಲೆ ತಗ್ಗಿಸಬೇಕಾಗುತ್ತದೆ. 900 ವರ್ಷಗಳ ಹಿಂದಿನ ಚಟ್ಟಲದೇವಿಯ ನಾಲ್ಕು ಸಾಕುಮಕ್ಕಳ ಹೆಸರು ನಮಗೆ ತಿಳಿದಿದೆ. 90 ವರ್ಷಗಳ ಹಿಂದಿನ ನಮ್ಮ ಅಜ್ಜಿಯ ಒಡಹುಟ್ಟಿದವರ ಹೆಸರು ತಿಳಿದಿಲ್ಲ.

ಪವಿತ್ರ ಸಭೆ ಈ ಬೆಲೆಯನ್ನು ಬಹಳ ಹಿಂದೆಯೇ ಬಲ್ಲದು. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರದ ಗುರುಗಳು ಮದುವೆಗಳ ದಾಖಲೆ ಪುಸ್ತಕ ಇಡಬೇಕೆಂದು ವಿಧಿಸಿತು. ನಿಮ್ಮ ಚರ್ಚಿನ ಕಚೇರಿಯ ಕಪಾಟಿನಲ್ಲಿರುವ ಜ್ಞಾನಸ್ನಾನದ, ಮದುವೆಯ, ಮರಣದ ರಿಜಿಸ್ಟರುಗಳು ಬರಿಯ ಲೆಕ್ಕದ ಪುಸ್ತಕಗಳಲ್ಲ. ಅಲ್ಲಿ ತೋಟದ ಮಾಲೀಕನ ಹೆಸರೂ ಅವನ ಆಳಿನ ಹೆಸರೂ ಒಂದೇ ಮಸಿಯಲ್ಲಿ, ಒಂದೇ ಪುಟದಲ್ಲಿ ಇರುತ್ತವೆ. ಮಗುವಿನ ಶಾಲೆಗೆ ಸರ್ಟಿಫಿಕೇಟು ಬೇಕಾದಾಗ ಮಾತ್ರ ನಮಗೆ ಅವುಗಳ ನೆನಪು ಬರುತ್ತದೆ.

ಆದ್ದರಿಂದ ಒಂದು ಕೆಲಸ ಮಾಡಿ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ, ಮನೆಯ ಹಿರಿಯರ ಹತ್ತಿರ ಮಕ್ಕಳನ್ನು ಕೂರಿಸಿ. ಎರಡು ರೂಲಿನ ಒಂದು ನೋಟ್‌ಬುಕ್ಕು, ಒಂದು ಪೆನ್ನು ಕೊಡಿ. ಹೆಸರು, ಊರು, ವರ್ಷ, ಯಾರು ಯಾರಿಗೆ ಏನಾಗಬೇಕು, ಯಾವ ಕಷ್ಟದಲ್ಲಿ ಯಾರು ಕೈಹಿಡಿದರು, ಎಲ್ಲವನ್ನೂ ಹೇಳಿದ ಹಾಗೇ ಬರೆಯಲಿ. ತಪ್ಪಿದ್ದರೆ ಮುಂದೆ ಯಾರಾದರೂ ತಿದ್ದುತ್ತಾರೆ. ಅಜ್ಜಿಗೆ ಕಿವಿ ಮಂದ, ನೆನಪು ಮಂದ ಎಂದು ನಾಳೆಗೆ ಮುಂದೂಡಬೇಡಿ. ಪಾಚಿ ಪ್ರತಿ ಮಳೆಗಾಲವೂ ಒಂದಿಷ್ಟು ಬೆಳೆಯುತ್ತದೆ.

ಸಂಜೆಯ ಜಪಸರದಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವಾಗ ಆ ನೋಟ್‌ಬುಕ್ಕಿನ ಹೆಸರುಗಳನ್ನು ಒಂದೊಂದಾಗಿ ಓದಿ. ನಮ್ಮೆಲ್ಲರ ಹೆಸರನ್ನೂ ಬಲ್ಲ ದೇವರು ಅವರನ್ನು ಮರೆತಿಲ್ಲ. ನಾವೂ ಮರೆಯದಿರೋಣ. ಮುಂದಿನ ಸಲ ಇಕ್ಕೇರಿಯಲ್ಲೋ ಹುಂಚದಲ್ಲೋ ಬರೆಹದ ಕಲ್ಲೊಂದು ಕಂಡರೆ ಅರೆಗಳಿಗೆ ನಿಲ್ಲಿ. ಕಲ್ಲು ಕೆತ್ತಿದವರನ್ನು, ಅದನ್ನು ಓದಿಕೊಟ್ಟ ಪಂಡಿತರನ್ನು, ಮತ್ತು ಬೆಂಗಳೂರಿನಲ್ಲಿ ಹುಟ್ಟಿ ನಮ್ಮ ನಾಡಿನ ನೆನಪನ್ನು ನಮಗೇ ಮರಳಿಸಿದ ಆ ಪಾದ್ರಿಯ ಮಗನನ್ನು ಕೃತಜ್ಞತೆಯಿಂದ ನೆನೆಯಿರಿ.